ಹಿತ್ತಿಲಿಗೊಂದು ಒಸರು ಕೊಳವೆ

ತರಕಾರಿ ಮಡಿಗೆ ಕೊಳವೆಯಿಂದ ನೀರು ಹಾಯಿಸುವಾಗ ನೀವು ಒಂದು ಸಂಗತಿಯನ್ನು ಗಮನಿಸಿರಬಹುದು. ಹತ್ತು ನಿಮಿಷ ನೀರು ಚಿಮುಕಿಸಿದ ಮೇಲೆ ಮಡಿಯೆಲ್ಲ ಒದ್ದೆಯಾಗಿ ಕಾಣುತ್ತದೆ. ಬೆರಳಿನಿಂದ ಕೆದಕಿ ನೋಡಿದರೆ ಎರಡು ಅಂಗುಲ ಕೆಳಗೆ ಒಣ ಮಣ್ಣು! ನೀರು ಇಳಿಯುವ ವೇಗಕ್ಕಿಂತ ಸುರಿಯುವ ವೇಗ ಹೆಚ್ಚಾದಾಗ ಹೀಗಾಗುತ್ತದೆ. ಹೆಚ್ಚಿನ ನೀರು ಮಡಿಯ ಅಂಚಿನಿಂದ ಹರಿದು ಹೋಗುತ್ತದೆ; ಮೇಲ್ಪದರದಲ್ಲಿ ಉಳಿದದ್ದು ಮಧ್ಯಾಹ್ನದೊಳಗೆ ಆವಿಯಾಗುತ್ತದೆ. ಬೇರಿಗೆ ಸಿಗುವುದು ಸ್ವಲ್ಪವೇ.

ಇದಕ್ಕೆ ಪರಿಹಾರ ನೀರನ್ನು ನಿಧಾನವಾಗಿ ಕೊಡುವುದು. ಉದ್ದಕ್ಕೂ ಸಣ್ಣ ರಂಧ್ರಗಳಿರುವ, ಕೊನೆ ಮುಚ್ಚಿದ ಕೊಳವೆಯನ್ನು ಗಿಡಗಳ ಬುಡದಲ್ಲಿ ಹಾಸಿದರೆ ನೀರು ಹನಿಹನಿಯಾಗಿ ಒಸರುತ್ತದೆ. ಇದನ್ನು ಒಸರು ಕೊಳವೆ ಎನ್ನೋಣ. ಹಳೆಯ ಟೈರುಗಳ ರಬ್ಬರಿನ ಪುಡಿಯನ್ನು ಬೆಸೆದು ತಯಾರಿಸಿದ, ಮೈಯೆಲ್ಲ ಒಸರುವ ಕೊಳವೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಹಳೆಯ ತೋಟದ ಕೊಳವೆಗೆ ಸೂಜಿಯಿಂದ ತೂತು ಮಾಡಿ ನೀವೇ ತಯಾರಿಸಿಕೊಳ್ಳಲೂಬಹುದು.

ವಿಚಾರ ಹೊಸದಲ್ಲ. ಮೇಘಾಲಯದ ಖಾಸಿ ಮತ್ತು ಜೈಂತಿಯಾ ಬೆಟ್ಟಗಳಲ್ಲಿ ಝರಿಯ ನೀರನ್ನು ಬಿದಿರಿನ ದೋಣಿಗಳಲ್ಲಿ ಇಳಿಸಿ, ಕವಲುಗಳಲ್ಲಿ ಹಂಚುತ್ತ ಹಂಚುತ್ತ, ಕೊನೆಗೆ ವೀಳ್ಯದೆಲೆ ಬಳ್ಳಿಯ ಬುಡಕ್ಕೆ ಹನಿಗಳಾಗಿ ಬೀಳಿಸುವ ಪದ್ಧತಿ ಇನ್ನೂರು ವರ್ಷಗಳಷ್ಟು ಹಳೆಯದು. ಇಸ್ರೇಲಿನ ಸಿಮ್ಖಾ ಬ್ಲಾಸ್ ಪ್ಲಾಸ್ಟಿಕ್ ಕೊಳವೆಯ ಹನಿ ನೀರಾವರಿಯನ್ನು ರೂಪಿಸಿ, ಹಾಟ್ಜೆರಿಮ್ ಎಂಬ ಸಾಮೂಹಿಕ ಕೃಷಿ ನೆಲೆಯೊಂದಿಗೆ ಅದರ ತಯಾರಿಕೆಗೆ ತೊಡಗಿದ್ದು 1965ರಲ್ಲಿ. ನಮ್ಮ ಮಲೆನಾಡಿನಲ್ಲಿಯೂ ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು ಮಾಡಿದ ದಬ್ಬೆಗಳಲ್ಲಿ ಗುಡ್ಡದ ನೀರು ಅಂಗಳಕ್ಕೆ ಬರುತ್ತಿತ್ತು. ಈಗ ದಬ್ಬೆಯ ಜಾಗಕ್ಕೆ ಕಪ್ಪು ಪೈಪು ಬಂದಿದೆ. ತೆರೆದ ದಬ್ಬೆಗೂ ಮುಚ್ಚಿದ ಪೈಪಿಗೂ ಭೌತವಿಜ್ಞಾನದ ದೃಷ್ಟಿಯಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಒಸರು ಕೊಳವೆ ಕೆಡುವುದೂ ಬಾಳುವುದೂ ಆ ವ್ಯತ್ಯಾಸದ ಮೇಲೆಯೇ.

ಒತ್ತಡ ಎಲ್ಲಿಂದ ಬರುತ್ತದೆ?

ಯಲ್ಲಾಪುರ–ಅಂಕೋಲಾ ಹೆದ್ದಾರಿಯಲ್ಲಿ, ಅರಬೈಲ್ ಘಟ್ಟದ ಆಸುಪಾಸಿನಲ್ಲಿರುವ ಇಡಗುಂದಿಯಂಥ ಊರನ್ನು ತೆಗೆದುಕೊಳ್ಳಿ. ಇಂಥ ಕಡೆ ಮನೆ, ತೋಟಗಳು ಗುಡ್ಡದ ತಪ್ಪಲಲ್ಲಿರುತ್ತವೆ, ನೀರಿನ ಸೆಲೆ ಮೇಲಿರುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ಗುರುತ್ವವೇ ನೀರನ್ನು ಮನೆಗೆ ತರುತ್ತದೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದು ಮುಗಿಯುವುದರಿಂದ ಮಾರ್ಚ್, ಏಪ್ರಿಲ್ ಹೊತ್ತಿಗೆ ಸೆಲೆ ಸಣ್ಣದಾಗುತ್ತದೆ. ಆಗ ಅಡುಗೆಗೆ, ಕೊಟ್ಟಿಗೆಗೆ, ಹಿತ್ತಿಲಿಗೆ ಎಲ್ಲಕ್ಕೂ ಆ ಒಂದೇ ನೀರು.

ನಿಂತ ನೀರಿನ ಒತ್ತಡ ಅದರ ಎತ್ತರವನ್ನಷ್ಟೇ ಅವಲಂಬಿಸುತ್ತದೆ. ಪೈಪು ದಪ್ಪವಿರಲಿ, ಸಪೂರವಿರಲಿ, ಸುತ್ತಿ ಬಳಸಿ ಬರಲಿ, ಪ್ರತಿ 10 ಮೀಟರ್ ಎತ್ತರಕ್ಕೆ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಏರುತ್ತದೆ. ಸೆಲೆ ಮನೆಗಿಂತ 30 ಮೀಟರ್ ಮೇಲಿದ್ದರೆ ಉಳಿದ ನಲ್ಲಿಗಳನ್ನೆಲ್ಲ ಮುಚ್ಚಿದಾಗ ಕೊಳವೆಯಲ್ಲಿ ಸುಮಾರು 3 ಕಿಲೋಗ್ರಾಂ ಒತ್ತಡ. ದಬ್ಬೆಯಲ್ಲಿ ಈ ಸಮಸ್ಯೆ ಇರಲಿಲ್ಲ. ಅದು ತೆರೆದದ್ದು, ದಾರಿಯುದ್ದಕ್ಕೂ ಅದರಲ್ಲಿನ ನೀರಿನ ಮೇಲೆ ಇರುತ್ತಿದ್ದುದು ಹೊರಗಿನ ವಾಯುಮಂಡಲದ ಒತ್ತಡ ಮಾತ್ರ. ಒಸರು ಕೊಳವೆಗೆ 2ರಿಂದ 5 ಮೀಟರ್ ನೀರಿನ ಎತ್ತರ ಧಾರಾಳ ಸಾಕು. 30 ಮೀಟರಿನ ಒತ್ತಡಕ್ಕೆ ಅದು ಉಬ್ಬುತ್ತದೆ, ಜೋಡಣೆಯಲ್ಲಿ ಕಳಚುತ್ತದೆ, ಹಳೆಯ ಗಾಯವಿದ್ದಲ್ಲಿ ಸೀಳುತ್ತದೆ. ಒಸರು ಕೊಳವೆ ಬಾಳಿಕೆ ಬರುವುದಿಲ್ಲ ಎಂಬ ದೂರಿಗೆ ಹಲವು ಸಲ ಇದೇ ಕಾರಣ.

ಹಾಗಾದರೆ ಏನು ಮಾಡಬೇಕು? ಗುಡ್ಡದ ಪೈಪಿಗೂ ಒಸರು ಕೊಳವೆಗೂ ನಡುವೆ ಒಂದು ತೆರೆದ ಡ್ರಮ್ಮು ಇಡಿ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಸಾಕು. ಅದಕ್ಕೆ ನೀರು ಮೇಲಿನಿಂದ ಬೀಳಲಿ. ಬಿದ್ದ ಕೂಡಲೇ ಅದರ ಒತ್ತಡ ವಾಯುಮಂಡಲದ ಮಟ್ಟಕ್ಕೆ ಇಳಿಯುತ್ತದೆ. ಮುಂದಿನ ಲೆಕ್ಕ ಡ್ರಮ್ಮಿನಿಂದ ಮಡಿಗೆ ಎಷ್ಟು ಇಳಿಜಾರು ಎಂಬುದು ಮಾತ್ರ. ಮಡಿಗಿಂತ ಎರಡು ಮೀಟರ್ ಮೇಲಿನ ಪಾವಟಿಗೆಯ ಮೇಲೆ ಡ್ರಮ್ಮನ್ನು ಕೂರಿಸಿದರೆ ಆಯಿತು; ತುಂಬಿದ ಡ್ರಮ್ಮಿನ ಭಾರ 200 ಕಿಲೋಗ್ರಾಮಿಗೂ ಹೆಚ್ಚಾದ್ದರಿಂದ ಮರದ ಅಟ್ಟಣಿಗೆಗಿಂತ ಗಟ್ಟಿ ನೆಲವೇ ಲೇಸು. ಸಮತಟ್ಟಾದ ಊರಿನಲ್ಲಿ ಇರುವವರು ಕಲ್ಲು ಕಟ್ಟಿದ ಪೀಠ ಮಾಡಿಕೊಳ್ಳಬಹುದು. ಈ ಡ್ರಮ್ಮಿನಿಂದ ಇನ್ನೂ ಮೂರು ಉಪಯೋಗಗಳಿವೆ. ಅವನ್ನು ಮುಂದೆ ಒಂದೊಂದಾಗಿ ನೋಡೋಣ.

ಸಾಲಿನ ಕೊನೆಯ ಗಿಡ

ರಂಧ್ರದಿಂದ ಹೊರಬರುವ ನೀರಿನ ವೇಗ, ಮೇಲಿನ ನೀರಿನ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಇಟಲಿಯ ಇವಾಂಜೆಲಿಸ್ಟಾ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮ ಇದು. ಎತ್ತರ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು.

ಈಗ ಕೊಳವೆಯನ್ನು ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಹಾಸಿದ್ದೀರಿ ಎಂದುಕೊಳ್ಳಿ. ಮೇಲಿನ ತುದಿ ಡ್ರಮ್ಮಿನ ನೀರಿಗಿಂತ 1 ಮೀಟರ್ ಕೆಳಗೆ, ಕೆಳಗಿನ ತುದಿ 3 ಮೀಟರ್ ಕೆಳಗೆ. 3ರ ವರ್ಗಮೂಲ ಸುಮಾರು 1.7. ಮೇಲಿನ ಗಿಡಕ್ಕೆ ಒಂದು ಲೀಟರ್ ಸಿಗುವಾಗ ಕೆಳಗಿನದಕ್ಕೆ ಒಂದು ಮುಕ್ಕಾಲು ಲೀಟರಿನಷ್ಟು. ಮೇಲಿನದು ಬಾಡುತ್ತದೆ, ಕೆಳಗಿನದು ಕೊಳೆಯುತ್ತದೆ. ಆದ್ದರಿಂದ ಕೊಳವೆಯನ್ನು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಹಾಸಬೇಕು. ಮಟ್ಟ ನೋಡಲು ಗಾರೆ ಕೆಲಸದವರ ಉಪಾಯ ಸಾಕು: ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯಲ್ಲಿ ಗುಳ್ಳೆಗಳಿಲ್ಲದಂತೆ ನೀರು ತುಂಬಿ ಎರಡು ತುದಿಗಳನ್ನೂ ಮೇಲಕ್ಕೆ ಹಿಡಿದರೆ, ಎರಡರಲ್ಲಿಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ಮಟ್ಟ ಸರಿಯಿದ್ದರೂ ಉದ್ದದಿಂದ ತೊಂದರೆ ಬರಬಹುದು. ಹರಿಯುವ ನೀರು ಕೊಳವೆಯ ಗೋಡೆಯೊಡನೆ ಘರ್ಷಿಸಿ ಒತ್ತಡ ಕಳೆದುಕೊಳ್ಳುತ್ತದೆ. ಲೆಕ್ಕಕ್ಕಾಗಿ ಒಂದು ಕೊಳವೆಯನ್ನು ಆರಿಸೋಣ. ಒಳವ್ಯಾಸ 12 ಮಿಲಿಮೀಟರ್, ಉದ್ದ 20 ಮೀಟರ್, ಅರ್ಧ ಮಿಲಿಮೀಟರ್ ವ್ಯಾಸದ 60 ರಂಧ್ರಗಳು, ನೀರಿನ ಎತ್ತರ 2 ಮೀಟರ್. ಪ್ರತಿ ರಂಧ್ರದಿಂದ ಗಂಟೆಗೆ ಸುಮಾರು 2.6 ಲೀಟರ್ ಹೊರಬರುತ್ತದೆ. ಒಟ್ಟು ಗಂಟೆಗೆ ಹೆಚ್ಚುಕಡಿಮೆ 160 ಲೀಟರ್. ಕೊನೆಯ ರಂಧ್ರದ ಹೊತ್ತಿಗೆ ಘರ್ಷಣೆಯಲ್ಲಿ ಕಳೆದುಹೋಗುವುದು 15–20 ಸೆಂಟಿಮೀಟರ್ ಎತ್ತರದಷ್ಟು ಒತ್ತಡ. ಕೊನೆಯ ಗಿಡಕ್ಕೆ ಶೇಕಡಾ ನಾಲ್ಕೈದು ಕಡಿಮೆ, ಅಷ್ಟೆ.

ಇದೇ ಕೊಳವೆಯನ್ನು 40 ಮೀಟರಿಗೆ ಬೆಳೆಸಿದರೆ? ರಂಧ್ರಗಳು ಇಮ್ಮಡಿಯಾದ್ದರಿಂದ ಹರಿವು ಹೆಚ್ಚುತ್ತದೆ. ಹರಿವು ಇಮ್ಮಡಿಯಾದರೆ ಪ್ರತಿ ಮೀಟರಿನ ನಷ್ಟ ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಅದರ ಮೇಲೆ ಉದ್ದವೂ ಎರಡು ಪಟ್ಟು. ಪರಿಣಾಮವಾಗಿ ಕೊನೆಯ ಗಿಡಕ್ಕೆ ಮೊದಲ ಗಿಡಕ್ಕಿಂತ ಸುಮಾರು ಐದನೆಯ ಒಂದು ಭಾಗ ಕಡಿಮೆ ನೀರು. ಪರಿಹಾರ ಸುಲಭ: 40 ಮೀಟರಿನ ಮಡಿಗೆ ನೀರನ್ನು ಒಂದು ತುದಿಯಿಂದ ಕೊಡದೆ, ನಡುವೆ ಮೂರು ಬಾಯಿಯ ಜೋಡಕ ಹಾಕಿ ಎರಡು ಕಡೆಗೂ 20 ಮೀಟರ್ ಹರಿಸಿ. ಜೋಡಕದವರೆಗೆ ಬರುವ ಪೈಪು ಮಾತ್ರ ದಪ್ಪದ್ದಿರಲಿ.

ಒಂದು ತೂತಿನ ಲೆಕ್ಕ

ಕಳೆ ತೆಗೆಯುವಾಗ ಕತ್ತಿಯ ತುದಿ ತಗಲಿತು, ಅಥವಾ ಬಾಯಾರಿದ ಇಲಿಯೋ ಅಳಿಲೋ ಕಚ್ಚಿತು ಎನ್ನಿ. ಕೊಳವೆಯಲ್ಲಿ 4 ಮಿಲಿಮೀಟರ್ ಅಗಲದ ಒಂದು ತೂತು. ಅರವತ್ತರ ನಡುವೆ ಒಂದು ಹೆಚ್ಚಾಯಿತು, ಏನು ಮಹಾ ಎನಿಸಬಹುದು.

ತೂತಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 4 ಮಿಲಿಮೀಟರ್ ಎಂದರೆ ಅರ್ಧ ಮಿಲಿಮೀಟರಿನ 8 ಪಟ್ಟು. ವಿಸ್ತೀರ್ಣ 64 ಪಟ್ಟು. ಅಂದರೆ ಆ ಒಂದೇ ತೂತು ನಿಮ್ಮ 60 ರಂಧ್ರಗಳೂ ಸೇರಿ ಕೊಡುವಷ್ಟು ನೀರನ್ನು ಒಂದೇ ಕಡೆ ಸುರಿಯಬಲ್ಲದು! ಡ್ರಮ್ಮು ಅರ್ಧ ಹೊತ್ತಿನಲ್ಲಿ ಬರಿದಾಗುತ್ತದೆ. ಜೊತೆಗೆ ತೂತಿನವರೆಗಿನ ಹರಿವು ಹೆಚ್ಚುವುದರಿಂದ ಘರ್ಷಣೆಯೂ ಹೆಚ್ಚಿ, ಅದರಿಂದಾಚೆಯ ಎಲ್ಲ ಗಿಡಗಳಿಗೂ ಒತ್ತಡ ಇಳಿಯುತ್ತದೆ. ದರಕಿನ ಅಡಿಯಲ್ಲಿದ್ದರೆ ತೂತು ಕಾಣುವುದೂ ಇಲ್ಲ. ಕೊನೆಯ ಗಿಡ ಬಾಡಿದ್ದು ಕಂಡು ನೀವು ಇನ್ನೂ ಅರ್ಧ ಗಂಟೆ ನೀರು ಬಿಡುತ್ತೀರಿ. ಬಾಡಿದ ಗಿಡದಿಂದ ಡ್ರಮ್ಮಿನ ಕಡೆಗೆ ನಡೆಯುತ್ತ ಹುಡುಕಿದರೆ ಕಳ್ಳ ಸಿಗುತ್ತಾನೆ.

ರಿಪೇರಿ

ಮೊದಲು ಕೊಳವೆ ಯಾವ ವಸ್ತುವಿನದು ಎಂದು ತಿಳಿಯಬೇಕು. ಒಂದು ಸಣ್ಣ ಚೂರನ್ನು ಕತ್ತರಿಸಿ, ಗಾಳಿಗುಳ್ಳೆ ಅಂಟದಂತೆ ಉಜ್ಜಿ ನೀರಿಗೆ ಹಾಕಿ. ತೇಲಿದರೆ ಪಾಲಿಥೀನ್, ಅದರ ಸಾಂದ್ರತೆ ನೀರಿಗಿಂತ ಸ್ವಲ್ಪ ಕಡಿಮೆ. ಮುಳುಗಿದರೆ ಪಿವಿಸಿ. ಹನಿ ನೀರಾವರಿಯ ಕಪ್ಪು ನಳಿಗೆಗಳು ಪಾಲಿಥೀನಿನವು, ಹಸಿರು ಅಥವಾ ನೀಲಿ ಬಣ್ಣದ ಮೆದು ಕೊಳವೆಗಳು ಸಾಮಾನ್ಯವಾಗಿ ಪಿವಿಸಿಯವು. ಒಸರುವ ರಬ್ಬರ್ ಕೊಳವೆಯನ್ನು ಅದರ ಒರಟು ಮೈಯಿಂದಲೇ ಗುರುತಿಸಬಹುದು.

ಈ ಭೇದ ಏಕೆ ಮುಖ್ಯ? ಪಿವಿಸಿ ಅಂಟು ನಿಜವಾಗಿ ಒಂದು ದ್ರಾವಕ. ಅದು ಪಿವಿಸಿಯ ಮೇಲ್ಮೈಯನ್ನು ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಪಾಲಿಥೀನನ್ನು ಅದು ಕರಗಿಸದು. ಪಾಲಿಥೀನಿನ ಮೇಲ್ಮೈಗೆ ಯಾವ ಸಾಧಾರಣ ಅಂಟೂ ಹಿಡಿಯದು. ಸೈಕಲ್ ಟ್ಯೂಬಿನ ಪಂಚರ್ ದ್ರಾವಣ ರಬ್ಬರಿಗಷ್ಟೇ ಸರಿ. ಅಂಟು ಹಚ್ಚಿ ಹಚ್ಚಿ ಸೋತವರು ಮಾಡಿದ ತಪ್ಪು ಇಷ್ಟೇ.

ಎಲ್ಲ ಬಗೆಯ ಕೊಳವೆಗೂ ಒದಗುವ ಒಂದು ಉಪಾಯವಿದೆ. ಹಳೆಯ ಸೈಕಲ್ ಟ್ಯೂಬನ್ನು ಎರಡು ಸೆಂಟಿಮೀಟರ್ ಅಗಲದ ಪಟ್ಟಿಯಾಗಿ ಕತ್ತರಿಸಿ. ಕೊಳವೆಯನ್ನು ಒರೆಸಿ ಒಣಗಿಸಿ, ಪಟ್ಟಿಯನ್ನು ಎಳೆದು ಹಿಗ್ಗಿಸುತ್ತ ತೂತಿನ ಮೇಲೆ ಐದಾರು ಸುತ್ತು ಸುತ್ತಿ. ಪ್ರತಿ ಸುತ್ತು ಹಿಂದಿನದರ ಅರ್ಧವನ್ನು ಮುಚ್ಚಲಿ. ಕೊನೆಯನ್ನು ಕಡೆಯ ಸುತ್ತಿನ ಕೆಳಗೆ ತೂರಿಸಿ ಬಿಗಿಯಿರಿ. ಇದು ನಿಲ್ಲುತ್ತದೆಯೇ? ಲೆಕ್ಕ ಹಾಕಿ ನೋಡಿ. 2 ಮೀಟರ್ ಎತ್ತರದ ನೀರು 4 ಮಿಲಿಮೀಟರಿನ ತೂತಿನ ಮೂಲಕ ಹೊರದೂಡುವ ಬಲ 25 ಗ್ರಾಂ ತೂಕದಷ್ಟು ಮಾತ್ರ. ಹಿಗ್ಗಿದ ರಬ್ಬರಿಗೆ ಅದೊಂದು ಲೆಕ್ಕವೇ ಅಲ್ಲ. ಗುಡ್ಡದ ಪೈಪನ್ನು ನೇರ ಜೋಡಿಸಿದ್ದರೆ ಬಲ ಹದಿನೈದು ಪಟ್ಟು. ಆಗ ತೇಪೆ ಜಾರುತ್ತದೆ. ಡ್ರಮ್ಮು ಇದ್ದಲ್ಲಿ ರಿಪೇರಿಯೂ ಸುಲಭ.

ಸೀಳು ಉದ್ದವಾಗಿದ್ದರೆ ಆ ಭಾಗವನ್ನು ನೇರವಾಗಿ ಕತ್ತರಿಸಿ ತೆಗೆದು, ಹಲ್ಲುಳ್ಳ ಪ್ಲಾಸ್ಟಿಕ್ ಜೋಡಕ ಸೇರಿಸಿ. ಕೊಳವೆಯ ತುದಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಜೋಡಕ ಸಲೀಸಾಗಿ ಒಳಹೋಗುತ್ತದೆ, ತಣಿದ ಮೇಲೆ ಬಿಗಿಯಾಗಿ ಹಿಡಿಯುತ್ತದೆ. ಬೆಂಕಿಗೆ ಹಿಡಿಯಬೇಡಿ, ಪಿವಿಸಿ ಸುಟ್ಟರೆ ವಿಷಕಾರಿ ಹೊಗೆ ಬರುತ್ತದೆ. ಹೊಸದಾಗಿ ರಂಧ್ರ ಮಾಡುವಾಗ ಸಪೂರ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ತುಸು ಮಾತ್ರ ಬಿಸಿಮಾಡಿ ಚುಚ್ಚಿ, ಗಾಳಿಯಾಡುವ ಬಯಲಿನಲ್ಲಿ. ತಣ್ಣನೆಯ ಸೂಜಿಯ ತೂತು ಮೆದು ಪ್ಲಾಸ್ಟಿಕ್ಕಿನಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ.

ಕಟ್ಟಿಕೊಂಡ ರಂಧ್ರಗಳು

ಇನ್ನೊಂದು ಕಾಯಿಲೆ ಇದಕ್ಕೆ ವಿರುದ್ಧವಾದದ್ದು: ನೀರು ಬರುವುದೇ ಇಲ್ಲ. ಇದಕ್ಕೆ ಮರಳು, ಪಾಚಿ, ಕಬ್ಬಿಣ ಈ ಮೂರು ಮುಖ್ಯ ಕಾರಣಗಳು.

ರಂಧ್ರದ ಹತ್ತನೆಯ ಒಂದು ಭಾಗಕ್ಕಿಂತ ದೊಡ್ಡ ಕಣ ಒಳಗೆ ಹೋಗಬಾರದು ಎಂಬುದು ಹನಿ ನೀರಾವರಿಯವರ ಸಾಮಾನ್ಯ ನಿಯಮ. ಏಕೆಂದರೆ ಕೆಲವು ಕಣಗಳು ಒಟ್ಟಿಗೆ ಬಂದರೆ ಕಮಾನು ಕಟ್ಟಿಕೊಂಡು ರಂಧ್ರವನ್ನು ಮುಚ್ಚಬಲ್ಲವು. ಡ್ರಮ್ಮಿನ ಹೊರಬಾಯಿಗೆ ಒತ್ತಾದ ಜಾಲರಿ ಕಟ್ಟಿ. ನಾಲ್ಕು ಮಡಿಕೆಯ ಹಳೆಯ ಪಂಚೆಯ ಬಟ್ಟೆಯೂ ನಡೆಯುತ್ತದೆ, ಆದರೆ ವಾರಕ್ಕೊಮ್ಮೆ ತೊಳೆಯಬೇಕು. ಪಾಚಿ ಬೆಳೆಯಲು ಬೆಳಕು ಬೇಕು. ಪಾರದರ್ಶಕ ಕೊಳವೆಗಿಂತ ಕಪ್ಪು ಕೊಳವೆ ಮೇಲು. ಅದರಲ್ಲಿರುವ ಇಂಗಾಲದ ಪುಡಿ ಅತಿನೇರಳೆ ಕಿರಣಗಳನ್ನು ಹೀರಿ ಪ್ಲಾಸ್ಟಿಕ್ಕನ್ನೂ ಕಾಯುತ್ತದೆ.

ಜಂಬಿಟ್ಟಿಗೆ ನೆಲದಿಂದ ಬರುವ ನೀರಿನಲ್ಲಿ ಕಬ್ಬಿಣ ಕರಗಿರಬಹುದು. ಗಾಳಿ ತಗುಲಿದಾಗ ಅದು ಉತ್ಕರ್ಷಣಗೊಂಡು ಕಂದು ಕೆಸರಾಗಿ ಹೊರಬೀಳುತ್ತದೆ. ಈ ಕ್ರಿಯೆ ರಂಧ್ರದ ಬಾಯಿಯಲ್ಲಿ ನಡೆದರೆ ರಂಧ್ರ ಮುಚ್ಚುತ್ತದೆ, ಡ್ರಮ್ಮಿನಲ್ಲಿ ನಡೆದರೆ ತಳದಲ್ಲಿ ಉಳಿಯುತ್ತದೆ. ಡ್ರಮ್ಮಿನ ಎರಡನೆಯ ಉಪಯೋಗ ಇದು. ಅದಕ್ಕಾಗಿ ಹೊರಬಾಯಿ ತಳದಿಂದ ಹತ್ತು ಸೆಂಟಿಮೀಟರ್ ಮೇಲಿರಲಿ. ವಾರಕ್ಕೊಮ್ಮೆ ಕೊಳವೆಯ ಕೊನೆಯ ಬಿರಡೆ ತೆಗೆದು ಎರಡು ನಿಮಿಷ ನೀರು ರಭಸದಿಂದ ಹೋಗಲು ಬಿಡಿ. ಮುಚ್ಚಿದ ಕೊಳವೆಯ ಕೊನೆಯಲ್ಲಿ ನೀರಿನ ವೇಗ ಬಹಳ ಕಡಿಮೆ, ಕೆಸರು ತಂಗುವುದು ಅಲ್ಲಿಯೇ.

ಕುಡಿಯುವ ನೀರಿಗೆ ಎಚ್ಚರ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಅಡುಗೆಮನೆಗೆ ಹೋಗುವ ಪೈಪಿಗೆ ಕವಲು ಹಾಕಿ ಒಸರು ಕೊಳವೆ ಜೋಡಿಸುವುದು ಅಪಾಯ.

ಮಡಿ ಮೇಲಿನ ಪಾವಟಿಗೆಯಲ್ಲಿದೆ, ಅಡುಗೆಮನೆಯ ನಲ್ಲಿ ಅದಕ್ಕಿಂತ ಕೆಳಗಿದೆ ಎನ್ನಿ. ಗುಡ್ಡದಲ್ಲಿ ಎಲ್ಲಿಯೋ ಪೈಪು ಮಣ್ಣಿನಿಂದ ಕಟ್ಟಿಕೊಂಡಿತು. ಮನೆಯಲ್ಲಿ ನಲ್ಲಿ ತಿರುಗಿಸಿದರೆ ಪೈಪಿನಲ್ಲಿ ಉಳಿದಿರುವ ನೀರು ಕೆಳಗಿಳಿಯುತ್ತದೆ. ಇಳಿಯುತ್ತ ಹಿಂದೆ ಒತ್ತಡವನ್ನು ವಾಯುಮಂಡಲದ ಮಟ್ಟಕ್ಕಿಂತ ಕಡಿಮೆ ಮಾಡುತ್ತದೆ. ಆಗ ಒಸರು ಕೊಳವೆಯ ರಂಧ್ರಗಳು ತಿರುಗಿ ಹೀರತೊಡಗುತ್ತವೆ. ಅವು ಬಿದ್ದಿರುವುದು ಸಗಣಿಗೊಬ್ಬರ ಹಾಕಿದ ಒದ್ದೆ ಮಣ್ಣಿನಲ್ಲಿ. ಆ ರಾಡಿ ಬರುವುದು ಕುಡಿಯುವ ನೀರಿನ ಪೈಪಿಗೆ. ಕಣ್ಣಿಗೆ ಕಾಣುವಷ್ಟು ಕೆಸರು ಬರಬೇಕೆಂದಿಲ್ಲ, ಬೇನೆ ತರಲು ಸ್ವಲ್ಪವೇ ಸಾಕು.

ಪೈಪಿನ ಬಾಯಿ ಡ್ರಮ್ಮಿನ ಅಂಚಿಗಿಂತ ನಾಲ್ಕು ಬೆರಳು ಮೇಲಿದ್ದರೆ ಈ ಅಪಾಯ ಇಲ್ಲ. ನಡುವಿನ ಗಾಳಿಯನ್ನು ದಾಟಿ ನೀರು ಮೇಲೇರಲಾರದು. ಪೈಪನ್ನು ಡ್ರಮ್ಮಿನ ನೀರಿನೊಳಗೆ ಮುಳುಗಿಸಿ ಇಟ್ಟರೆ ಮಾತ್ರ ಇಡೀ ರಕ್ಷಣೆ ವ್ಯರ್ಥ. ಡ್ರಮ್ಮಿನ ಬಾಯಿಗೆ ತೆಳು ಬಟ್ಟೆ ಕಟ್ಟಿ, ನೀರು ಅದರ ಮೇಲೆ ಬಿದ್ದು ಒಳಗಿಳಿಯಲಿ. ಇಲ್ಲದಿದ್ದರೆ ಡೆಂಗೆ ಹರಡುವ ಸೊಳ್ಳೆಗಳಿಗೆ ಮನೆ ಮಾಡಿಕೊಟ್ಟಂತಾಗುತ್ತದೆ.

ಎಷ್ಟು ಹೊತ್ತು ನೀರು ಬಿಡಬೇಕು?

ಬೇಸಗೆಯಲ್ಲಿ ತರಕಾರಿ ಮಡಿಯಿಂದ ದಿನಕ್ಕೆ 4ರಿಂದ 6 ಮಿಲಿಮೀಟರಿನಷ್ಟು ನೀರು ಆವಿಯಾಗುತ್ತದೆ. 5 ಎಂದಿಟ್ಟುಕೊಳ್ಳಿ. ಒಂದು ಚದರ ಮೀಟರಿನ ಮೇಲೆ 5 ಮಿಲಿಮೀಟರ್ ಎಂದರೆ 5 ಲೀಟರ್. ನಮ್ಮ ಮಡಿ 20 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ. ವಿಸ್ತೀರ್ಣ 12 ಚದರ ಮೀಟರ್. ದಿನಕ್ಕೆ ಬೇಕಾದದ್ದು 60 ಲೀಟರ್. ಗಂಟೆಗೆ 160 ಲೀಟರ್ ಕೊಡುವ ಕೊಳವೆಗೆ ಇದು 20–25 ನಿಮಿಷದ ಕೆಲಸ! ಬೆಳಗ್ಗೆ ನಲ್ಲಿ ತಿರುಗಿಸಿ ಮಧ್ಯಾಹ್ನ ನಿಲ್ಲಿಸುವವರು ಹತ್ತು ಪಟ್ಟು ನೀರನ್ನು ಬೇರಿನ ಕೆಳಗೆ ಇಳಿಸುತ್ತಿದ್ದಾರೆ, ಹಾಕಿದ ಗೊಬ್ಬರದ ಸಾರವೂ ಅದರೊಂದಿಗೆ ಇಳಿಯುತ್ತದೆ.

ಡ್ರಮ್ಮಿನ ಮೂರನೆಯ ಉಪಯೋಗ ಇಲ್ಲಿದೆ. ಅದು ಅಳತೆಯ ಪಾತ್ರೆ. ಹೊರಬಾಯಿಯಿಂದ ಮೇಲಕ್ಕೆ 60 ಲೀಟರ್ ಎಲ್ಲಿಗೆ ಬರುತ್ತದೆ ಎಂದು ಬಿಂದಿಗೆಯಿಂದ ಅಳೆದು ಗೆರೆ ಹಾಕಿ. ಅಷ್ಟು ತುಂಬಿಸಿ, ಮೇಲಿನ ನಲ್ಲಿ ಮುಚ್ಚಿ, ಕೆಳಗಿನದನ್ನು ತೆರೆದು ನಿಮ್ಮ ಕೆಲಸಕ್ಕೆ ಹೋಗಿ. ನಿಲ್ಲಿಸಲು ಮರೆತರೂ ಹೋಗುವುದು 60 ಲೀಟರ್ ಮಾತ್ರ. ಏಪ್ರಿಲಿನಲ್ಲಿ ಸೆಲೆ ಹತ್ತು ನಿಮಿಷಕ್ಕೆ ಒಂದೇ ಲೀಟರ್ ಕೊಟ್ಟರೂ ದಿನಕ್ಕೆ 144 ಲೀಟರ್ ಸೇರುತ್ತದೆ. ಹಿತ್ತಿಲಿಗೆ 60 ಹೋದರೆ ಅಡುಗೆಗೆ, ಕುಡಿಯಲು 84 ಉಳಿಯುತ್ತದೆ. ಮೊದಲು ಹೇಳಿದ ಒಂದು ತೂತನ್ನು ಹಾಗೆಯೇ ಬಿಟ್ಟರೆ ಗಿಡಗಳಿಗೆ ಅಷ್ಟೇ ನೀರು ಮುಟ್ಟಿಸಲು 120 ಲೀಟರಿಗೂ ಹೆಚ್ಚು ಬೇಕು. ಮನೆಗೆ ಉಳಿಯುವುದು ಎರಡು ಕೊಡ.

ಕೊಳವೆಯ ಮೇಲೆ ನಾಲ್ಕು ಬೆರಳು ದಪ್ಪ ದರಕು ಹರಡಿ. ಬಿಸಿಲು ನೇರ ಬೀಳದೆ ಮೇಲ್ಮಣ್ಣಿನ ಆವಿ ತಗ್ಗುತ್ತದೆ, ಪ್ಲಾಸ್ಟಿಕ್ಕಿನ ಆಯುಷ್ಯ ಹೆಚ್ಚುತ್ತದೆ. ಮಣ್ಣಿನಲ್ಲಿ ಹೂಳಬೇಡಿ, ಬೇರು ರಂಧ್ರಕ್ಕೆ ನುಗ್ಗುತ್ತದೆ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ಮೂರು ಲೋಟ ಅಥವಾ ತೆಂಗಿನ ಕರಟ ತೆಗೆದುಕೊಳ್ಳಿ. ಸಾಲಿನ ಮೊದಲ, ನಡುವಿನ ಮತ್ತು ಕೊನೆಯ ರಂಧ್ರಗಳ ಕೆಳಗೆ ಮಣ್ಣು ತೋಡಿ ಒಂದೊಂದನ್ನು ಇಡಿ. ಸರಿಯಾಗಿ ಎರಡು ನಿಮಿಷ ನೀರು ಹಿಡಿದು ಅಳೆಯಿರಿ. ಮೇಲಿನ ಲೆಕ್ಕದ ಕೊಳವೆಯಾದರೆ ಒಂದೊಂದರಲ್ಲಿ 85–90 ಮಿಲಿಲೀಟರ್ ಸಿಗಬೇಕು. ಮೂರೂ ಹೆಚ್ಚುಕಡಿಮೆ ಸಮವಿದ್ದರೆ ಎಲ್ಲವೂ ಸರಿ. ಮೊದಲಿನದಕ್ಕಿಂತ ಕೊನೆಯದು ಕ್ರಮವಾಗಿ ಕಡಿಮೆಯಾಗುತ್ತ ಹೋದರೆ ಕೊಳವೆ ಉದ್ದವಾಯಿತು ಅಥವಾ ಮಟ್ಟ ತಪ್ಪಿದೆ. ನಡುವಿನದೊಂದೇ ಕಡಿಮೆಯಿದ್ದರೆ ಆ ರಂಧ್ರ ಕಟ್ಟಿದೆ. ನಡುವೆ ಎಲ್ಲೋ ಇದ್ದಕ್ಕಿದ್ದಂತೆ ಕುಸಿದಿದ್ದರೆ ಅದಕ್ಕಿಂತ ಮೊದಲೇ ಒಂದು ತೂತಿದೆ. ಈ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿ, ಅಳತೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಕ್ಕಳಿಗೆ ಒಪ್ಪಿಸಿದರೆ ಇನ್ನೂ ಒಳ್ಳೆಯದು.

ಜೂನ್ ಮೊದಲ ಮಳೆ ಬಿದ್ದ ಮೇಲೆ ಕೊಳವೆಗೆ ರಜೆ. ಬಿರಡೆ ತೆಗೆದು ನೀರು ಬಸಿದು, ಮುರಿಯದಂತೆ ದೊಡ್ಡ ಸುರುಳಿ ಸುತ್ತಿ, ಇಲಿಗೆ ಎಟುಕದಂತೆ ನೆರಳಿನಲ್ಲಿ ತೂಗುಹಾಕಿ. ಡ್ರಮ್ಮನ್ನು ತೊಳೆದು ಬೋರಲು ಹಾಕಿ. ನವೆಂಬರಿನಲ್ಲಿ ಮತ್ತೆ ಹಾಸುವ ಮೊದಲು ಒಮ್ಮೆ ನೀರು ತುಂಬಿಸಿ, ಮೊದಲಿನಿಂದ ಕೊನೆಯವರೆಗೆ ಬಗ್ಗಿ ನೋಡುತ್ತ ನಡೆಯಿರಿ.